ಉಸಿರು ಕಳೆದುಕೊಂಡ ನೀರಿನ ಮೂಲ: ಪಶ್ಚಿಮ ಕರಾವಳಿಯ ಒಂದು ಸಂಶೋಧನಾ ಚರಿತ್ರೆ

ಪ್ರತಿವರ್ಷ ಮಳೆಗಾಲದ ಉತ್ತರಾರ್ಧದಲ್ಲಿ, ಕೇರಳದಿಂದ ಕರ್ನಾಟಕ, ಗೋವಾಗಳನ್ನು ದಾಟಿ ಉತ್ತರಕ್ಕೂ, ಖಂಡಾವರಣದ ತಳನೀರಿನಲ್ಲಿ ಆಮ್ಲಜನಕ ಕುಸಿಯುತ್ತದೆ. ಲೀಟರಿಗೆ ಸುಮಾರು 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳು ಆ ನೀರಿನಲ್ಲಿ ನಿಲ್ಲಲಾರವು. ಈ ನೀರು ಕಡಲಾಳದಿಂದ ಬಂದದ್ದೇ, ಕರಾವಳಿಯಲ್ಲೇ ಹುಟ್ಟಿದ್ದೇ, ಅಥವಾ ನಾವು ನೆಲದಿಂದ ಹರಿಯಬಿಟ್ಟ ಗೊಬ್ಬರದ ಫಲವೇ? ಈ ಮೂರು ಉತ್ತರಗಳು ಒಂದೊಂದಾಗಿ ರೂಪುಗೊಂಡ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೀರಿನಲ್ಲಿ ಕರಗಿದ ಆಮ್ಲಜನಕವನ್ನು ನಿಖರವಾಗಿ ಅಳೆಯುವ ವಿಧಾನವನ್ನು ಹಂಗೇರಿಯ ರಸಾಯನಶಾಸ್ತ್ರಜ್ಞ ವಿಂಕ್ಲರ್ 1888ರಲ್ಲಿ ಪ್ರಕಟಿಸಿದರು. ಅರಬ್ಬೀ ಸಮುದ್ರದ ನಡು ಆಳದ ಆಮ್ಲಜನಕ ಕೊರತೆ ವ್ಯವಸ್ಥಿತವಾಗಿ ದಾಖಲಾದದ್ದು 1933–34ರಲ್ಲಿ, ಸೇಮೂರ್ ಸೆವೆಲ್ ನೇತೃತ್ವದ ಜಾನ್ ಮರ್ರೆ ಯಾನ ಈಜಿಪ್ಟಿನ 'ಮಬಾಹಿಸ್' ಹಡಗಿನಲ್ಲಿ ಸಂಚರಿಸಿದಾಗ. ಸುಮಾರು 150ರಿಂದ 1000 ಮೀಟರ್ ಆಳದವರೆಗೆ ಹರಡಿರುವ ಈ ಪದರಕ್ಕೆ ಕಾರಣಗಳು ಎರಡು. ಮೇಲಿನಿಂದ ಉದುರುವ ಅಪಾರ ಜೈವಿಕ ಶೇಷ ಕೊಳೆಯುತ್ತ ಆಮ್ಲಜನಕವನ್ನು ತಿನ್ನುತ್ತದೆ. ಉತ್ತರವನ್ನು ಭೂಖಂಡ ಮುಚ್ಚಿರುವುದರಿಂದ ಹೊಸ ನೀರಿನ ಹೆಚ್ಚಿನ ಪಾಲು ದೂರದ ದಕ್ಷಿಣದಿಂದಲೇ ಬರಬೇಕು. ದಾರಿ ಸವೆಸುವಷ್ಟರಲ್ಲಿ ಅದರ ಆಮ್ಲಜನಕವೂ ಸವೆದಿರುತ್ತದೆ.

ಈ ಪದರಕ್ಕೂ ದಡಕ್ಕೂ ನಂಟು ಬೆಸೆದ ವರ್ಷ 1959. ಕರುಥರ್ಸ್ ಮತ್ತು ಸಂಗಡಿಗರು ಮುಂಬೈ ಎದುರಿನ ಕಡಲಿನಲ್ಲಿ ಕಡಿಮೆ ಆಮ್ಲಜನಕದ ನೀರು ಇಳಿಜಾರನ್ನೇರಿ ದಡದತ್ತ ಸರಿಯುವುದನ್ನೂ, ಮೀನುಗಾರಿಕೆಯ ಮೇಲೆ ಅದರ ಪರಿಣಾಮವನ್ನೂ ವರದಿ ಮಾಡಿದರು. ಅದೇ ವರ್ಷ ಕಾರ್ಲ್ ಬಾನ್ಸೆ ನೈಋತ್ಯ ಕರಾವಳಿಯ ತಳಬಲೆಯ ಮೀನುಗಾರಿಕೆಯನ್ನು ಕೆಳನೀರಿನ ಮೇಲೇರಿಕೆಯೊಂದಿಗೆ ಜೋಡಿಸಿ ಬರೆದರು. 1968ರಲ್ಲಿ ಆ ಚರ್ಚೆಯನ್ನು ಭಾರತ, ಪಾಕಿಸ್ತಾನಗಳ ಇಡೀ ಖಂಡಾವರಣಕ್ಕೆ ವಿಸ್ತರಿಸಿದರು. ಬಲೆಗೆ ಮೀನು ಬೀಳದಿರುವುದಕ್ಕೆ ನೀರಿನ ರಸಾಯನದಲ್ಲಿ ವಿವರಣೆ ದೊರೆತದ್ದು ಹೀಗೆ.

ಆಳದ ನೀರನ್ನು ಮೇಲೆತ್ತುವುದು ಸ್ಥಳೀಯ ಗಾಳಿಯೊಂದೇ ಅಲ್ಲ. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ ಭಾರತದ ದಕ್ಷಿಣ ತುದಿಯನ್ನು ಬಳಸಿ ಬರುವ ಕರಾವಳಿ ಕೆಲ್ವಿನ್ ಅಲೆಗಳ ಪಾಲೂ ಇದರಲ್ಲಿದೆ. ಹೀಗೆ ಏರಿದ ನೀರಿನ ಮೇಲೆ ಮಳೆಯೂ, ನೇತ್ರಾವತಿ, ಶರಾವತಿ, ಕಾಳಿಯಂಥ ನದಿಗಳೂ ಸಿಹಿನೀರಿನ ತೆಳು ಹೊದಿಕೆ ಹಾಸುತ್ತವೆ. ಹಗುರವಾದ ಈ ಹೊದಿಕೆ ಗಾಳಿಯ ಆಮ್ಲಜನಕ ಕೆಳಗಿಳಿಯದಂತೆ ತಡೆಯುತ್ತದೆ. ಮೇಲೇರಿದ ಪೋಷಕಾಂಶಗಳಿಂದ ಸಸ್ಯಪ್ಲವಕಗಳು ಸೊಕ್ಕಿ ಬೆಳೆದು, ಸತ್ತು, ತಳ ಸೇರಿ ಕೊಳೆಯುತ್ತವೆ. ಬರುವಾಗಲೇ ಬಡವಾಗಿದ್ದ ನೀರು ಇಲ್ಲಿ ಬರಿದಾಗುತ್ತದೆ. ಆಗ ಸೂಕ್ಷ್ಮಜೀವಿಗಳು ಮೊದಲು ನೈಟ್ರೇಟನ್ನು, ಅದು ಮುಗಿದರೆ ಸಲ್ಫೇಟನ್ನು ಬಳಸುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುವುದು ಈ ಕೊನೆಯ ಹಂತದಲ್ಲಿ.

ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ 1997ರಿಂದ ಕಾಂಡೋಲಿಂ ಎದುರಿನ ಕಡಲಿನಲ್ಲಿ ನಿರಂತರ ಅಳತೆ ಆರಂಭಿಸಿತು. 2000ದಲ್ಲಿ ಎಸ್.ಡಬ್ಲ್ಯು.ಎ. ನಕ್ವಿ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಈ ವಲಯ ಸಹಜವಾಗಿ ರೂಪುಗೊಳ್ಳುವುದೆಂದು ಒಪ್ಪಿಕೊಂಡೇ, ಅದು ತೀವ್ರವಾಗುತ್ತಿದೆ ಎಂದು ವಾದಿಸಿದರು. ತೆರೆದ ಕರಾವಳಿ ನೀರಿನಲ್ಲಿ ಅಲ್ಲಿಯವರೆಗೆ ಕಂಡಿದ್ದ ಎಲ್ಲಕ್ಕಿಂತ ಹೆಚ್ಚಿನ ಹೈಡ್ರೋಜನ್ ಸಲ್ಫೈಡ್ ಮತ್ತು ನೈಟ್ರಸ್ ಆಕ್ಸೈಡ್ ಪ್ರಮಾಣಗಳನ್ನು ವರದಿ ಮಾಡಿದರು. ನೈಟ್ರಸ್ ಆಕ್ಸೈಡ್ ಹೆಚ್ಚಿದ್ದಕ್ಕೆ ಮನುಷ್ಯರು ಸೇರಿಸಿದ ನೈಟ್ರೇಟ್ ಕಾರಣವಿರಬಹುದೆಂಬುದು ಅವರ ಸೂಚನೆ.

ಇಲ್ಲಿ 1959ರ ದಾಖಲೆಗಳ ಬೆಲೆ ತಿಳಿಯುತ್ತದೆ. ಅವು ಹಸಿರು ಕ್ರಾಂತಿಗೆ ಮುಂಚಿನವು. ರಾಸಾಯನಿಕ ಗೊಬ್ಬರ ನಮ್ಮ ಹೊಲಗಳನ್ನು ವ್ಯಾಪಕವಾಗಿ ತುಂಬುವ ಮೊದಲೇ ಉಸಿರಿಲ್ಲದ ನೀರು ದಡ ಮುಟ್ಟಿತ್ತು. ಆದ್ದರಿಂದ ಗೊಬ್ಬರವನ್ನು ಮೂಲ ಕಾರಣವೆನ್ನಲಾಗದು. ಮೂಲ ಸಹಜವೆಂದು ಕೈತೊಳೆದುಕೊಳ್ಳುವುದೂ ಸಲ್ಲದು. ಬರಿದಾಗುವ ಅಂಚಿಗೆ ಪ್ರತಿವರ್ಷ ತಾನಾಗಿಯೇ ಬಂದು ನಿಲ್ಲುವ ಕಡಲಿಗೆ ನಾವು ಸೇರಿಸುವ ಅಲ್ಪ ಭಾರವೂ ಹೆಚ್ಚೇ. ಆ ಭಾರ ಎಷ್ಟೆಂದು ಹೇಳಬಲ್ಲದ್ದು ಕಾಂಡೋಲಿಮಿನಂಥ ನಿರಂತರ ಅಳತೆ ಮಾತ್ರ. ಅಂಥದು ಮಂಗಳೂರು, ಮಲ್ಪೆ, ಕಾರವಾರಗಳ ಕಡಲಿಗೂ ಬೇಕು.