ನ್ಯೂಯಾರ್ಕಿನ ಸಾರಿಗೆ ವೇತನ ತೆರಿಗೆ: ರದ್ದತಿ ಹೋರಾಟದ ಚರಿತ್ರೆ

ನ್ಯೂಯಾರ್ಕ್ ನಗರದ ಸುರಂಗ ರೈಲು, ಬಸ್ಸುಗಳನ್ನೂ ಸುತ್ತಲಿನ ಏಳು ಕೌಂಟಿಗಳ ಉಪನಗರ ರೈಲುಗಳನ್ನೂ ನೋಡಿಕೊಳ್ಳುವ ಹೊಣೆ ಮೆಟ್ರೊಪಾಲಿಟನ್ ಟ್ರಾನ್ಸ್‌ಪೋರ್ಟೇಷನ್ ಅಥಾರಿಟಿಯದು (ಎಂಟಿಎ). ಅದರ ಖರ್ಚಿಗೆಂದು 2009ರಲ್ಲಿ ಹಾಕಿದ ವೇತನ ತೆರಿಗೆಯನ್ನು ರದ್ದುಪಡಿಸಲು ಶಾಸನಸಭೆಯಲ್ಲೂ ನ್ಯಾಯಾಲಯದಲ್ಲೂ ಹೋರಾಟ ನಡೆಯಿತು. ತೆರಿಗೆ ಉಳಿಯಿತು, ಅದರ ಭಾರ ಹಂಚಿಕೆ ಬದಲಾಯಿತು. ಹೀಗಾದದ್ದು ಏಕೆ ಎಂಬುದೇ ಈ ಲೇಖನದ ಪ್ರಶ್ನೆ.

ತೆರಿಗೆಯ ಹುಟ್ಟು

2008ರ ಆರ್ಥಿಕ ಕುಸಿತದಲ್ಲಿ ಆಸ್ತಿ ವ್ಯವಹಾರ ಕುಗ್ಗಿದಾಗ, ಅಡಮಾನ ನೋಂದಣಿ ಮತ್ತು ಆಸ್ತಿ ಹಸ್ತಾಂತರ ತೆರಿಗೆಗಳಿಂದ ಎಂಟಿಎಗೆ ಬರುತ್ತಿದ್ದ ಹಣವೂ ಇಳಿಯಿತು. ಸಂಸ್ಥೆಯ ಮಾಜಿ ಅಧ್ಯಕ್ಷ ರಿಚರ್ಡ್ ರಾವಿಚ್ ನೇತೃತ್ವದ ಆಯೋಗ ಅದೇ ಡಿಸೆಂಬರಿನಲ್ಲಿ ಎರಡು ಮುಖ್ಯ ಸಲಹೆ ನೀಡಿತು: ವೇತನದ ಮೇಲೆ ತೆರಿಗೆ, ಈಸ್ಟ್ ಮತ್ತು ಹಾರ್ಲೆಮ್ ನದಿಗಳ ಸೇತುವೆಗಳಿಗೆ ಸುಂಕ. ಸೇತುವೆ ಸುಂಕಕ್ಕೆ ರಾಜ್ಯ ಸೆನೆಟ್‌ನಲ್ಲಿ ಬೆಂಬಲ ಸಿಗಲಿಲ್ಲ. ಗವರ್ನರ್ ಡೇವಿಡ್ ಪ್ಯಾಟರ್ಸನ್ ಕಾಲದಲ್ಲಿ, 2009ರ ಮೇ ತಿಂಗಳಲ್ಲಿ ವೇತನ ತೆರಿಗೆ ಕಾನೂನಾಯಿತು. 100 ಡಾಲರ್ ಸಂಬಳಕ್ಕೆ 34 ಸೆಂಟ್, ಕಟ್ಟಬೇಕಿದ್ದವರು ಮಾಲೀಕರು ಮತ್ತು ಸ್ವಯಂ ಉದ್ಯೋಗಿಗಳು. ವಾಹನ ಓಡಿಸುವವರು ಹೊರಬೇಕಿದ್ದ ಪಾಲು ಹೀಗೆ ಬಹುಮಟ್ಟಿಗೆ ತಪ್ಪಿತು.

ಶಾಸನಸಭೆಯ ದಾರಿ

ಅಸಮಾಧಾನ ತೀವ್ರವಾಗಿದ್ದುದು ಉಪನಗರಗಳಲ್ಲಿ. ಹಡ್ಸನ್ ನದಿಯ ಪಶ್ಚಿಮಕ್ಕಿರುವ ಆರೆಂಜ್, ರಾಕ್‌ಲೆಂಡ್ ಕೌಂಟಿಗಳ ಜನ ರೈಲಿನಲ್ಲಿ ಮ್ಯಾನ್‌ಹಟನ್ ತಲುಪಲು ನ್ಯೂಜೆರ್ಸಿಯ ಮೂಲಕ ಹೋಗಬೇಕು. ಆದರೂ ಅಲ್ಲಿನ ಅಂಗಡಿ ಮಾಲೀಕರಿಗೂ ಮ್ಯಾನ್‌ಹಟನ್ ಬ್ಯಾಂಕಿಗೂ ಆಗ ಒಂದೇ ದರವಿತ್ತು. ಈ ದೂರಿನಲ್ಲಿ ನ್ಯಾಯವಿತ್ತು.

2010ರ ಚುನಾವಣೆಯಲ್ಲಿ ತೆರಿಗೆಯ ಪರ ಮತ ಹಾಕಿದ್ದ ಸಫೋಕ್ ಕೌಂಟಿಯ ಸೆನೆಟರ್ ಬ್ರಯಾನ್ ಫೋಲಿ ಸೋತರು. ಅವರನ್ನು ಸೋಲಿಸಿದ ಲೀ ಜೆಲ್ಡಿನ್ ರದ್ದತಿ ಮಸೂದೆ ಮಂಡಿಸಿದರು. 2011ರಲ್ಲಿ ಸೆನೆಟ್ ಒಪ್ಪಿದರೂ ಅದು ಕಾನೂನಾಗಲಿಲ್ಲ. ಬದಲಿಗೆ ಆ ಡಿಸೆಂಬರಿನಲ್ಲಿ ಗವರ್ನರ್ ಆಂಡ್ರ್ಯೂ ಕ್ವೊಮೊ ತಿದ್ದುಪಡಿಗೆ ಸಹಿ ಹಾಕಿದರು. ತ್ರೈಮಾಸಿಕ ವೇತನ ವೆಚ್ಚ 3,12,500 ಡಾಲರ್ ಮೀರದ ಮಾಲೀಕರಿಗೂ ಶಾಲೆಗಳಿಗೂ ವಿನಾಯಿತಿ ಸಿಕ್ಕಿತು. ಸ್ವಯಂ ಉದ್ಯೋಗಿಗಳಿಗೆ ವಿನಾಯಿತಿಯ ಆದಾಯ ಮಿತಿ 10,000ದಿಂದ 50,000 ಡಾಲರಿಗೆ ಏರಿತು. ಎಂಟಿಎಗೆ ಆಗುವ ಕೊರತೆಯನ್ನು ತುಂಬಿಕೊಡುವುದಾಗಿ ರಾಜ್ಯ ಒಪ್ಪಿಕೊಂಡಿತು.

ನ್ಯಾಯಾಲಯದ ದಾರಿ

ನಾಸೌ ಕೌಂಟಿಯ ಮುಖ್ಯಾಡಳಿತಗಾರ ಎಡ್ವರ್ಡ್ ಮಂಗಾನೊ ತೆರಿಗೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಕೆಲವೇ ಕೌಂಟಿಗಳಿಗೆ ಅನ್ವಯಿಸುವ ಕಾನೂನನ್ನು ಸ್ಥಳೀಯ ಸ್ವಾಯತ್ತತೆಯ ನಿಯಮ ಮೀರಿ ಮಾಡಲಾಗಿದೆ ಎಂಬುದು ವಾದ. 2012ರ ಆಗಸ್ಟಿನಲ್ಲಿ ವಿಚಾರಣಾ ನ್ಯಾಯಾಲಯ ತೆರಿಗೆ ಸಂವಿಧಾನಬಾಹಿರವೆಂದಿತು. 2013ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಪೀಠ ಆ ತೀರ್ಪನ್ನು ತಳ್ಳಿಹಾಕಿತು. ಈ ಪ್ರದೇಶದ ಸಾರಿಗೆ ಇಡೀ ರಾಜ್ಯದ ಹಿತಕ್ಕೆ ಸಂಬಂಧಿಸಿದ್ದು ಎಂಬುದು ಅದರ ನಿಲುವು.

ಫಲಿತಾಂಶ

ಉಪನಗರಗಳ ವಾದ ನಂತರದ ದರಗಳಲ್ಲಿ ಉಳಿದುಕೊಂಡಿತು. 2023ರ ಜುಲೈನಲ್ಲಿ ನಗರದ ಗರಿಷ್ಠ ದರ ಶೇ. 0.60ಕ್ಕೆ ಏರಿದರೂ ಉಪನಗರಗಳದ್ದು ಶೇ. 0.34ರಲ್ಲೇ ನಿಂತಿತು. 2025ರ ಜುಲೈನಲ್ಲಿ ಅತಿದೊಡ್ಡ ಮಾಲೀಕರ ದರ ನಗರದಲ್ಲೂ ಉಪನಗರಗಳಲ್ಲೂ ಹೆಚ್ಚಿತು, ಸಣ್ಣವರ ದರ ಇಳಿಯಿತು.

ಭಾರದ ಅಸಮಾನತೆಯನ್ನು ಎತ್ತಿ ತೋರಿಸಿದಾಗಲೆಲ್ಲ ವಿರೋಧಿಗಳು ಏನನ್ನಾದರೂ ಗಳಿಸಿದರು. ಪೂರ್ತಿ ರದ್ದತಿ ಕೇಳಿದಾಗ ಮಾತ್ರ, ಆ ಹಣ ಇನ್ನೆಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ದಾಟಲು ಅವರಿಗೆ ಸಾಧ್ಯವಾಗಲಿಲ್ಲ. ಸಾರ್ವಜನಿಕ ಸಾರಿಗೆಯ ತೆರಿಗೆಯನ್ನು ತೆಗೆಯಬೇಕೆನ್ನುವವರು ಬದಲಿ ಆದಾಯವನ್ನು ತೋರಿಸಲೇಬೇಕು. ಉಳಿಸಬೇಕೆನ್ನುವವರು ಸೇವೆಗೆ ತಕ್ಕ ಹಂಚಿಕೆಯನ್ನು ಒಪ್ಪಲೇಬೇಕು.