ದೊಡ್ಡಪ್ಪನ ಎರಡು ಯೂನಿಫಾರ್ಮು

ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದ ವಿಷಯ ಇದು. ನನ್ನ ದೊಡ್ಡಪ್ಪ ಸೇನೆಯ ಸರ್ವಿಸ್ ಕೋರ್‌ನಲ್ಲಿದ್ದರು. ಅಂದರೆ ಬಂದೂಕು ಹಿಡಿದು ಮುಂದೆ ಹೋದವರಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆ, ಪೆಟ್ರೋಲು ತಲುಪಿಸುವ ಕೆಲಸ. ಮೂವತ್ತೈದರ ಆಸುಪಾಸಿಗೇ ಪಿಂಚಣಿ ತಗೊಂಡು ಬಂದು, ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲಿ ಒಂದು ವಿಮಾನ ಕಂಪನಿಯ ಲೋಡಿಂಗ್ ವಿಭಾಗ ಸೇರಿದರು. ಮದುವೆ ಮನೆಗಳಲ್ಲಿ "ಏರ್‌ಪೋರ್ಟಿನಲ್ಲಿ ಕೆಲಸ" ಅಂದ ಕೂಡಲೇ ಯಾರಾದರೂ "ಪೈಲಟ್ಟಾ?" ಅಂತ ಕೇಳುವುದು ಇದ್ದದ್ದೇ. "ಅಲ್ಲಪ್ಪ, ಮೂಟೆ ಹೊರಿಸೋನು" ಅಂತ ನಗುತ್ತಿದ್ದರು.

"ಮಿಲಿಟರಿ ಬಿಟ್ಟು ಇಲ್ಲಿಗೆ ಬಂದಾಗ ಕಷ್ಟ ಆಗಲಿಲ್ವಾ?" ಅಂತ ಒಮ್ಮೆ ಕೇಳಿದ್ದೆ. "ಕೆಲಸ ಅದೇ ಕಣೋ, ಬಟ್ಟೆ ಮಾತ್ರ ಬೇರೆ" ಅಂದರು. ಆಗ ತಮಾಷೆ ಅನ್ನಿಸಿತ್ತು. ಆಮೇಲೆ ಓದುತ್ತಾ ಹೋದಂತೆ, ನಮ್ಮ ದೇಶದ ನಾಗರಿಕ ವಿಮಾನಯಾನದ ಒಂದು ದೊಡ್ಡ ಭಾಗದ ಕಥೆಯೇ ಆ ಒಂದು ಮಾತಿನಲ್ಲಿದೆ ಅಂತ ಗೊತ್ತಾಯಿತು.

ಕಥೆ ಶುರುವಾಗುವುದು ಬರ್ಮಾ ಗಡಿಯಲ್ಲಿ. 1944ರಲ್ಲಿ ಜಪಾನೀಯರು ಇಂಫಾಲದ ರಸ್ತೆ ಕಡಿದು ಹಾಕಿದಾಗ, ಸುಮಾರು ಮೂರು ತಿಂಗಳು ಅಲ್ಲಿನ ಸೈನ್ಯ ಬದುಕಿದ್ದು ಆಕಾಶದಿಂದ ಬಂದ ಅನ್ನದಿಂದ. ಡಕೋಟಾ ವಿಮಾನಗಳಲ್ಲಿ ಸಾಮಾನು ತುಂಬುವುದು, ಇಳಿಯಲು ಜಾಗವಿಲ್ಲದ ಕಡೆ ಬಾಗಿಲಿಂದ ಹೊರಗೆ ತಳ್ಳುವುದು, ಇದೆಲ್ಲ ಸರಬರಾಜು ದಳದವರ ಪಾಲಿಗೆ ಬಂತು. ಅಕ್ಕಿಯನ್ನು ಒಂದರೊಳಗೊಂದು ಚೀಲ ಹಾಕಿ ಹಾಗೇ ಕೆಡವುತ್ತಿದ್ದರು. ಹೊರಚೀಲ ಒಡೆದರೂ ಒಳಚೀಲ ಉಳಿಯಲಿ ಅಂತ. ಪ್ಯಾರಾಚೂಟಿಗೆ ರೇಷ್ಮೆ ಸಾಲದೆ, ಬಂಗಾಳದ ಸೆಣಬಿನಲ್ಲೇ ಪ್ಯಾರಾಚೂಟು ಮಾಡಿಸಿದರು. ಇತ್ತ ಅಸ್ಸಾಮಿನಿಂದ ಹಿಮಾಲಯದ ಅಂಚು ದಾಟಿ ಚೀನಾಕ್ಕೆ, 1942ರಿಂದ 1945ರೊಳಗೆ ಸುಮಾರು 6.5 ಲಕ್ಷ ಟನ್ ಸಾಮಾನು ವಿಮಾನದಲ್ಲೇ ಹೋಯಿತು.

ಡಕೋಟಾಕ್ಕೆ ಹಿಂದೆ ಬಾಲದಲ್ಲಿ ಒಂದು ಪುಟ್ಟ ಚಕ್ರ. ನೆಲದ ಮೇಲೆ ನಿಂತಾಗ ಮೂತಿ ಮೇಲೆ, ಬಾಲ ಕೆಳಗೆ. ಒಳಗಿನ ನೆಲವೂ ಇಳಿಜಾರು. ಬಾಗಿಲು ಹಿಂದುಗಡೆ. ಭಾರದ ಪೆಟ್ಟಿಗೆಗಳನ್ನು ದಿಣ್ಣೆ ಹತ್ತಿಸಿದ ಹಾಗೆ ಮುಂದಕ್ಕೆ ಎಳೆದು ಸರಿಯಾದ ಜಾಗದಲ್ಲಿ ಬಿಗಿದು ಕಟ್ಟಬೇಕು. ಎತ್ತಿನ ಗಾಡಿ ಹೂಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕುತ್ತಿಗೆ ಬಿಗಿಯುತ್ತದೆ. ಗಾಡಿಯಾದರೆ ನಿಲ್ಲಿಸಿ ಸರಿಮಾಡಬಹುದು. ಆಕಾಶದಲ್ಲಿ ಎಲ್ಲಿ ನಿಲ್ಲಿಸುತ್ತೀರಿ?

ಯುದ್ಧ ಮುಗಿಯಿತು. 25 ಲಕ್ಷ ಮೀರಿ ಬೆಳೆದಿದ್ದ ಭಾರತೀಯ ಸೈನ್ಯ ಕರಗತೊಡಗಿತು. ಊರಿಗೆ ಮರಳುವವರಿಗೆ ಕೆಲಸ ಹುಡುಕಿಕೊಡಲು ಸರ್ಕಾರ 1945ರ ಜುಲೈನಲ್ಲಿ ಒಂದು ನಿರ್ದೇಶನಾಲಯವನ್ನೇ ತೆರೆಯಿತು. ನಾವೆಲ್ಲ ಡಿಗ್ರಿ ಮುಗಿಸಿ ಕ್ಯೂ ನಿಂತ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜು ಹುಟ್ಟಿದ್ದು ಹೀಗೆ, ಕೆಲಸ ಕಳೆದುಕೊಂಡ ಸೈನಿಕರಿಗಾಗಿ!

ಮನುಷ್ಯರ ಹಾಗೆ ವಿಮಾನಗಳೂ ನಿರುದ್ಯೋಗಿಗಳಾದವು. ಅವಕ್ಕೆ ಹೊಸ ಕೆಲಸ ಕೊಟ್ಟ ಜಾಗಗಳಲ್ಲಿ ನಮ್ಮ ಬೆಂಗಳೂರೂ ಒಂದು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, 1943ರಲ್ಲಿ ಅಮೆರಿಕದ ಸೈನ್ಯದ ಉಸ್ತುವಾರಿಗೆ ಹೋಗಿ ಅವರ ರಿಪೇರಿ ಡಿಪೋ ಆಗಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ರಿಪೇರಿಗೆಂದು ನಮ್ಮ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವಂತೆ. ಈಗಿನ ಆ ಕೆರೆ ನೋಡಿದರೆ ನಂಬಲಾಗುವುದಿಲ್ಲ ಬಿಡಿ. ಯುದ್ಧದ ನಂತರ ಅದೇ ಕಾರ್ಖಾನೆಯಲ್ಲಿ ಮಿಲಿಟರಿ ಡಕೋಟಾಗಳಿಗೆ ಸೀಟು ಹಾಕಿ, ನಾಗರಿಕ ವಿಮಾನಗಳನ್ನಾಗಿ ಮಾಡಿದರು.

ಅಗ್ಗಕ್ಕೆ ಸಿಕ್ಕ ಡಕೋಟಾಗಳನ್ನು ನಂಬಿ ಹತ್ತಾರು ಕಂಪನಿಗಳು ಹುಟ್ಟಿಕೊಂಡವು. 1946ರಲ್ಲಿ ಹೈದರಾಬಾದಿನಿಂದ ಡೆಕ್ಕನ್ ಏರ್‌ವೇಸ್ ಬೆಂಗಳೂರಿಗೆ ಬಂತು. ಸೈನ್ಯದಿಂದ ಬಂದ ಪೈಲಟ್ಟುಗಳು, ಮೆಕ್ಯಾನಿಕ್ಕುಗಳು, ಸಾಮಾನು ತುಂಬುವವರು ಹಳೇ ವಿಮಾನವನ್ನೇ ಹೊಸ ಬಣ್ಣದಲ್ಲಿ ಕಂಡರು. ಗೆರೆ ಎಷ್ಟು ತೆಳುವಾಗಿತ್ತೆಂದರೆ, 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನ್ಯ ಕಳಿಸಬೇಕಾಗಿ ಬಂದಾಗ ವಾಯುಪಡೆಯ ಡಕೋಟಾಗಳ ಜೊತೆ ಖಾಸಗಿ ಕಂಪನಿಗಳ ಡಕೋಟಾಗಳೂ ಹಾರಿದವು.

1949ರ ಜನವರಿಯಲ್ಲಿ ರಾತ್ರಿ ಅಂಚೆ ಶುರುವಾಯಿತು. ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸುಗಳಿಂದ ಹೊರಟ ನಾಲ್ಕು ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಚೀಲಗಳನ್ನು ಅದಲುಬದಲು ಮಾಡಿಕೊಂಡು ಬೆಳಗಿನೊಳಗೆ ಹಿಂದಿರುಗಬೇಕು. ಒಂದು ಚೀಲ ತಪ್ಪಿದರೆ ಮದ್ರಾಸಿನ ಕಾಗದ ಕಲ್ಕತ್ತಕ್ಕೆ. ಊರೆಲ್ಲ ಮಲಗಿದ್ದಾಗ ನೆಲದ ಮೇಲಿನ ಕೈಗಳು ಮಾಡಿದ ಈ ಕೆಲಸ ಮಿಲಿಟರಿ ಡಿಪೋದ ಕೆಲಸವೇ ಅಲ್ಲವೇ?

1953ರ ಆಗಸ್ಟ್ 1ರಂದು ಎಂಟು ಕಂಪನಿಗಳು ಸೇರಿ ಇಂಡಿಯನ್ ಏರ್‌ಲೈನ್ಸ್ ಆಯಿತು. ಇತಿಹಾಸದಲ್ಲಿ ಮಾಲೀಕರ ಹೆಸರಿದೆ, ಪೈಲಟ್ಟುಗಳ ಹೆಸರಿದೆ. ಮೂಟೆ ಎಳೆದವರ ಹೆಸರು ಹುಡುಕಿ ಹುಡುಕಿ ಸಾಕಾಯಿತು ನನಗೆ.

ಕೊನೆಗೆ ದೊಡ್ಡಪ್ಪನ ಮಾತಿಗೇ ಬರುತ್ತೇನೆ. ಅವರ ಕೊನೆಯ ವರ್ಷಗಳಲ್ಲಿ ಅದೇ ಪ್ರಶ್ನೆ ಮತ್ತೆ ಕೇಳಿದೆ. ಈ ಸಲ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದು ವ್ಯತ್ಯಾಸ ಇತ್ತು ಕಣೋ. ಅಲ್ಲಿ ಹೇಗಾದರೂ ತಲುಪಿಸಲೇಬೇಕು, ಮೇಲೆ ಜನ ಕಾಯ್ತಾ ಇರ್ತಾರೆ, ಆಗಲ್ಲ ಅನ್ನೋ ಮಾತೇ ಇಲ್ಲ. ಇಲ್ಲಿ ಆಗಲ್ಲ ಅನ್ನೋದನ್ನು ಕಲೀಬೇಕಾಯ್ತು. ಅದಕ್ಕೇ ಎರಡು ವರ್ಷ ಹಿಡೀತು."

ಒಂದು ಸಂಜೆ ಯಾರೋ ದೊಡ್ಡ ಮನುಷ್ಯರ ಪೆಟ್ಟಿಗೆಗಳು ಕೊನೇ ಗಳಿಗೆಯಲ್ಲಿ ಬಂದವಂತೆ. ತೂಕದ ಲೆಕ್ಕ ಮುಗಿದಿತ್ತು. ಮೇಲಿನವರು ಹಾಕಿಬಿಡಿ ಅಂದರು. ದೊಡ್ಡಪ್ಪ ಲೋಡ್ ಶೀಟಿಗೆ ಸಹಿ ಹಾಕಲಿಲ್ಲ. ಪೆಟ್ಟಿಗೆ ಮರುದಿನ ಹೋದವು, ದೊಡ್ಡಪ್ಪನಿಗೆ ಬೈಗುಳ ಅವತ್ತೇ ಬಂತು. "ಹದಿನೈದು ವರ್ಷ ಹುಕುಂ ಕೇಳಿದ್ದವನು ನಾನು. ಆ ದಿನ ಕೈ ನಡುಗ್ತಿತ್ತು" ಅಂದರು. ಆ ವಿಮಾನದಲ್ಲಿ ಹೋದ ಯಾರಿಗೂ ಇದು ಗೊತ್ತಿರಲಿಕ್ಕಿಲ್ಲ.

2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಹೋಗುವಾಗ ನನಗೆ ಈಗಲೂ ದೊಡ್ಡಪ್ಪ ನೆನಪಾಗುತ್ತಾರೆ. ಮುಂದಿನ ಸಲ ನೀವು ಕಿಟಕಿ ಪಕ್ಕ ಕೂತಾಗ ಮೋಡ ನೋಡುವ ಮೊದಲು ಒಮ್ಮೆ ಕೆಳಗೆ ನೋಡಿ. ಅಲ್ಲಿ ಪೆಟ್ಟಿಗೆ ಎತ್ತುತ್ತಿರುವವರಲ್ಲಿ ಯಾರೋ ಒಬ್ಬರು ಹಿಂದೆ ಇನ್ನೊಂದು ಯೂನಿಫಾರ್ಮಿನಲ್ಲಿ ಇದ್ದವರಿರಬಹುದು.