ಕೊಂಡವರೇ ಕಟ್ಟಿಸಿದ ಯಂತ್ರ

ಹಳೆಯ ಕಂಪ್ಯೂಟರ್ ಆಟಗಳನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವುದು ಇಂದು ಸೋಜಿಗದ ಸಂಗತಿಯಲ್ಲ. ಆನ್‌ಲೈನ್ ಅಂಗಡಿಗಳಲ್ಲಿ ಇಂಥ ಯಂತ್ರಗಳ ಸಾಲೇ ಇದೆ. ಆದರೆ ಇವಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಮುಖ್ಯರು, ಯಂತ್ರ ಹುಟ್ಟುವ ಮೊದಲೇ ಅದಕ್ಕೆ ದುಡ್ಡು ಕೊಟ್ಟ ಗಿರಾಕಿಗಳು.

1989ರಲ್ಲಿ ಜಪಾನಿನ ನಿಂಟೆಂಡೊ ತಂದ ಗೇಮ್‌ಬಾಯ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರ ಲೋಕವನ್ನೇ ಗೆದ್ದಿತು. ಅದರ ಬೀಗ ಮಾತ್ರ ಕಂಪನಿಯ ಕೈಯಲ್ಲೇ ಇತ್ತು. ಸ್ವಿಚ್ ಹಾಕಿದೊಡನೆ ಯಂತ್ರವು ಕಾರ್ಟ್ರಿಜ್‌ನೊಳಗೆ ನಿಂಟೆಂಡೊ ಲಾಂಛನವನ್ನು ಹುಡುಕುತ್ತಿತ್ತು. ಅದು ತಾಳೆಯಾಗದಿದ್ದರೆ ಆಟವಿಲ್ಲ.

ಈ ಬೀಗವಿಲ್ಲದ ಬಾಗಿಲು ತೆರೆದದ್ದು ದಕ್ಷಿಣ ಕೊರಿಯಾದಲ್ಲಿ. ಗೇಮ್‌ಪಾರ್ಕ್ ಕಂಪನಿ 2001ರಲ್ಲಿ ತಂದ ಜಿಪಿ32, ಡಿಜಿಟಲ್ ಕ್ಯಾಮೆರಾಗಳ ಸ್ಮಾರ್ಟ್‌ಮೀಡಿಯಾ ಕಾರ್ಡನ್ನೇ ಬಳಸುತ್ತಿತ್ತು. ಕೊಂಡವರು ತಾವೇ ಬರೆದ ತಂತ್ರಾಂಶವನ್ನು ಅದರಲ್ಲಿ ಓಡಿಸಬಹುದಿತ್ತು. ಅಂಗಡಿಗೆ ಬಂದ ಆಟಗಳು ಕೆಲವೇ ಕೆಲವು. ಆ ಕೊರತೆಯನ್ನು ಹವ್ಯಾಸಿಗಳು ಎಮ್ಯುಲೇಟರ್‌ಗಳಿಂದ ತುಂಬಿದರು. ಹಳೆಯ ಕಂಪ್ಯೂಟರಿನ ನಡೆಯನ್ನೆಲ್ಲ ಹೊಸ ಚಿಪ್ಪಿನ ಮೇಲೆ ಅನುಕರಿಸುವ ತಂತ್ರಾಂಶವದು. 2005ರಲ್ಲಿ ಬಂದ ಜಿಪಿ2ಎಕ್ಸ್ ಯಂತ್ರವಂತೂ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಮೇಲೆಯೇ ಓಡುತ್ತಿತ್ತು. ಎರಡು ಪೆನ್ಸಿಲ್ ಸೆಲ್ ಹಾಕಬೇಕು. ಅವು ಬಲುಬೇಗ ಖಾಲಿಯಾಗುತ್ತಿದ್ದವು.

ಆದರೂ ಒಂದು ಕೊರತೆ ಕಾಡುತ್ತಿತ್ತು. ಸ್ಪೆಕ್ಟ್ರಮ್, ಕೊಮೊಡೋರ್ 64, ಅಮಿಗಾ ಇವೆಲ್ಲ ಕೀಬೋರ್ಡ್ ಇದ್ದ ಕಂಪ್ಯೂಟರುಗಳು. 1982ರ ‘ದಿ ಹಾಬಿಟ್’ ಆಟದಲ್ಲಿ ವಾಕ್ಯಗಳನ್ನು ಟೈಪ್ ಮಾಡಿಯೇ ಮುಂದೆ ಸಾಗಬೇಕು. ನಾಲ್ಕಾರು ಗುಂಡಿಗಳಿಂದ ಅದು ಆಗುವ ಕೆಲಸವಲ್ಲ.

ಜಿಪಿ32, ಜಿಪಿ2ಎಕ್ಸ್ ಯಂತ್ರಗಳನ್ನು ಮಾರುತ್ತಿದ್ದ ಮತ್ತು ಬಳಸುತ್ತಿದ್ದ ಯುರೋಪಿನ ಕೆಲವರು ಸೇರಿ ಪಂಡೋರಾ ಎಂಬ ಯಂತ್ರವನ್ನು ತಾವೇ ರೂಪಿಸಲು ಹೊರಟರು. ಪುಸ್ತಕದಂತೆ ತೆರೆಯುವ ಮೈ, 4.3 ಇಂಚಿನ ಸ್ಪರ್ಶಪರದೆ, ಆಟದ ಗುಂಡಿಗಳ ನಡುವೆ ಪೂರ್ತಿ ಕೀಬೋರ್ಡ್. ಬಂಡವಾಳ ಹೂಡುವ ಸಾಹುಕಾರ ಯಾರೂ ಇರಲಿಲ್ಲ. 2008ರ ಸೆಪ್ಟೆಂಬರ್ 30ರಂದು ಮುಂಗಡ ಬುಕಿಂಗ್ ಆರಂಭವಾಯಿತು. ಮೊದಲ ಕಂತಿಗೆ 4,000 ಯಂತ್ರಗಳು ಎಂದು ಲೆಕ್ಕ. ಇಂಥ ಯೋಜನೆಗಳಿಗೆ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣ ಶುರುವಾದದ್ದು ಮರುವರ್ಷ. ಅಂದರೆ ಜನರಿಂದ ಹಣ ಎತ್ತುವ ವ್ಯವಸ್ಥೆಯೇ ಹೆಚ್ಚಿನವರಿಗೆ ಪರಿಚಯವಿಲ್ಲದ ದಿನಗಳಲ್ಲಿ, ಸಾವಿರಾರು ಜನ ಕಾಣದ ಯಂತ್ರಕ್ಕೆ ಪೂರ್ತಿ ಬೆಲೆ ತೆತ್ತಿದ್ದರು. ಇದು ಸಣ್ಣ ನಂಬಿಕೆಯಲ್ಲ.

ಆ ನಂಬಿಕೆಗೆ ಪರೀಕ್ಷೆಯೂ ದೊಡ್ಡದೇ ಆಯಿತು. ಪ್ಲಾಸ್ಟಿಕ್ ಕವಚದ ಅಚ್ಚು, ಬೋರ್ಡುಗಳ ತಯಾರಿ ಎಲ್ಲವೂ ತಡವಾದವು. ಮೊದಲ ಯಂತ್ರಗಳು ಗಿರಾಕಿಗಳ ಕೈಸೇರಿದ್ದು 2010ರ ಮೇ ತಿಂಗಳಲ್ಲಿ. ಆಮೇಲೂ ಕಾದವರು ಅನೇಕರು. ಬೋರ್ಡುಗಳ ತಯಾರಿ ಅಮೆರಿಕದಲ್ಲಿ ಶುರುವಾಗಿ ಕೊನೆಗೆ ಜರ್ಮನಿಗೆ ಸ್ಥಳಾಂತರಗೊಂಡಿತು. ಹಾಗಿದ್ದೂ ಯಂತ್ರ ಬಂತು, ಅದಕ್ಕಾಗಿ ಜನ ತಂತ್ರಾಂಶ ಬರೆದರು ಎಂಬುದೇ ಈ ಕಥೆಯ ಹೆಮ್ಮೆಯ ಭಾಗ.

ಅಷ್ಟರಲ್ಲಿ ಚೀನಾದ ಡಿಂಗೂ ಎ320 ಕಡಿಮೆ ಬೆಲೆಗೆ ಬಂದಿತ್ತು. ಇಂದು ಆನ್‌ಬರ್ನಿಕ್, ಮಿಯೂನಂಥ ಚೀನೀ ಹೆಸರುಗಳದ್ದೇ ಸದ್ದು. ಪರದೆ ಚೆನ್ನ, ಬ್ಯಾಟರಿ ಚೆನ್ನ, ಬೆಲೆಯೂ ಕೈಗೆಟುಕುತ್ತದೆ. ಆದರೆ ಸಾವಿರಾರು ಆಟ ತುಂಬಿದ ಮೆಮೊರಿ ಕಾರ್ಡ್ ಜೊತೆಗೆ ಬಂದರೆ ಕೊಳ್ಳುವವರು ಎಚ್ಚರ ವಹಿಸಬೇಕು: ಎಷ್ಟೋ ಸಲ ಅವು ಹಕ್ಕುದಾರರ ಅನುಮತಿಯಿಲ್ಲದ ನಕಲುಗಳು. ಇನ್ನು ಈ ಯಂತ್ರಗಳಲ್ಲಿ ಬಹುಪಾಲಿಗೆ ಕೀಬೋರ್ಡ್ ಇಲ್ಲ. ಅವುಗಳಲ್ಲಿ ‘ದಿ ಹಾಬಿಟ್’ ಆಡಬೇಕೆಂದರೆ ಪರದೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಆರಿಸುತ್ತ ಹೋಗಬೇಕು.